ಗೋಪಣ್ಣನ ಪಾತ್ರ

ಮುದುಕ ಹೊಸ್ತಿಲಿನ ಹೊರಗೇ ನಿಂತಿದ್ದ. ಕಾಲಲ್ಲಿ ಚಪ್ಪಲಿಯಿರಲಿಲ್ಲ. ಮಾಸಿದ ಧೋತರ, ಹೆಗಲ ಮೇಲೊಂದು ಟವೆಲು. ಮನೋಹರ ಅವನನ್ನು ಕಂಡೊಡನೆ ಮಗ್ಗ ಬಿಟ್ಟು ಎದ್ದು ಬಂದ.

"ಬರ್ರಿ ಗೋಪಣ್ಣಾರ! ನಿಮ್ಮ ದಾರಿನ ಕಾಯಾಕತ್ತಿದ್ವಿ."

ಮುದುಕನ ಮುಖ ಬಿಳುಪೇರಿತು. "ನನ್ನ ಗುರುತು ಹಿಡದ್ರ್ಯಾ?"

"ಹಿಡೀಬಾರದು ಅಂತನ ಬಂದೀರಿ. ಆದ್ರೂ ಹಿಡದ್ವಿ ನೋಡ್ರಿ!" ಮನೋಹರ ಕಣ್ಣು ಮಿಟುಕಿಸಿದ.

ಬೆಟಗೇರಿಯ ಆ ಓಣಿಗೆ ಆಸ್ಟ್ರೇಲಿಯಾದ ನಟ ರೂಪರ್ಟ್ ಹಾರ್ಕಿನ್ ಬರುವ ದಿನವದು. ನೇಕಾರಿಕೆ ಬಿಟ್ಟು ನಾಟಕ ಮಂಡಳಿಯ ಬೆನ್ನು ಹತ್ತಿ ಹೋದ ಮನೋಹರನ ತಂದೆ ಗೋಪಣ್ಣ ಮರಳಿ ಬಂದಿರಲಿಲ್ಲ. ಅವನ ಕಥೆಯೀಗ ಸಿನಿಮಾ ಆಗಲಿತ್ತು. ಗೋಪಣ್ಣನ ಪಾತ್ರ ಹಾರ್ಕಿನ್ನನದು. ಆತನ ತಾಯಿ ಹುಬ್ಬಳ್ಳಿಯ ರೇಲ್ವೆ ವಸತಿಯಲ್ಲಿ ಹುಟ್ಟಿದವಳು. ಮೈಬಣ್ಣವೂ ಕನ್ನಡವೂ ಆಕೆಯಿಂದಲೇ ಬಂದುವು. ಸಿಡ್ನಿಯ ರಂಗದ ಮೇಲೆ ಅರಸನಾಗಿ, ತೆರೆಯ ಮೇಲೆ ಕುರುಡ ನ್ಯಾಯಾಧೀಶನಾಗಿ, ಕುರಿಗಾರನಾಗಿ, ಕೊಲೆಗಡುಕನಾಗಿ ಹೆಸರು ಮಾಡಿದವನು. ಒಮ್ಮೆ ಮುದುಕಿಯ ವೇಷದಲ್ಲಿ ಎದುರಾದಾಗ ಕೈಹಿಡಿದ ಹೆಂಡತಿಯೇ ಗುರುತಿಸದೆ ದಾರಿ ಬಿಟ್ಟುಕೊಟ್ಟಳಂತೆ. ವೇಷದಲ್ಲಿಯೇ ಬರುತ್ತಾನೆ, ಪಾತ್ರದ ಹೆಸರಿನಿಂದಲೇ ಕರೆಯಿರಿ, ಬೇರೇನನ್ನೂ ಕೆದಕಬೇಡಿರಿ ಎಂದು ಸಿನಿಮಾದವರು ತಾಕೀತು ಮಾಡಿದ್ದರು.

ನೀರು ತಂದ ಮನೋಹರನ ತಾಯಿ ಬನಶಂಕರೆವ್ವ ಬಾಗಿಲಲ್ಲೇ ನಿಂತಳು. ತಂಬಿಗೆ ತುಳುಕಿತು.

"ಅಪ್ಪನ ಫೋಟೋ ಕೊಟ್ಟಿದ್ದು ಸಾರ್ಥಕ ಆತಬೇ," ಎಂದ ಮನೋಹರ. ತಂದೆ ಮನೆ ಬಿಟ್ಟಾಗ ಅವನಿನ್ನೂ ತೊಟ್ಟಿಲಲ್ಲಿದ್ದ. "ಹೋದ ವಯಸ್ಸೆಲ್ಲಾ ಲೆಕ್ಕ ಹಾಕಿ ಮುಖಕ್ಕ ಸೇರಿಸ್ಯಾರ."

ಮುದುಕ ಮೆಲ್ಲನೆ ಕೇಳಿದ: "ನಾಳೆ ಸಿಂಗಟಾಲೂರಾಗ ಗೊಂಬಿ ಸುಡ್ತಾರಂತ ಕೇಳಿದೆ. ಖರೇನ?"

ಮನೋಹರನ ನಗೆ ಇಳಿಯಿತು. "ಅದನ್ನೂ ಹೇಳ್ಯಾರೇನು ನಿಮಗ?"

ಅದು ನಿಜವಾಗಿತ್ತು. ಕಾಣೆಯಾದವನಿಗೆ ಕಾಯುವ ಕಾಲ ಮುಗಿಯಿತೆಂದು ಹಿರಿಯರು ತೀರ್ಮಾನಿಸಿದ್ದರು. ತುಂಗಭದ್ರೆಯ ದಂಡೆಯಲ್ಲಿ ದರ್ಭೆಯ ಗೊಂಬೆ ಮಾಡಿ ಗೋಪಣ್ಣನ ಹೆಸರಿನಲ್ಲಿ ಸುಡಬೇಕು. ಬನಶಂಕರೆವ್ವ ಕುಂಕುಮ ಅಳಿಸಿ ತಾಳಿ ತೆಗೆಯಬೇಕು. ಗಂಡ ಬದುಕಿದ್ದರೆ ಅದು ಮಹಾಪಾಪ. ಸತ್ತಿದ್ದರೆ ಅವನು ಪಿಂಡವಿಲ್ಲದೆ ಅಲೆಯುವ ಪ್ರೇತ. ಸಂಜೆಯೊಳಗೆ ಆಕೆ ಹೂಂ ಅನ್ನಬೇಕಿತ್ತು. ಇನ್ನೂ ಅಂದಿರಲಿಲ್ಲ.

ಮುದುಕ ಹೊಸ್ತಿಲು ದಾಟಿದ. ಒಳಮನೆಯ ತಗ್ಗು ತೊಲೆಗೆ ತಲೆ ಬಾಗಿಸಿ, ಕತ್ತಲಲ್ಲಿ ನೇರವಾಗಿ ನಡೆದು, ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿದ. ಲಾಳಿ ಓಡಿತು. ಒಂದು ಹೊಡೆತ, ಚೂರು ತಡೆ, ಮತ್ತೊಂದು ಹೊಡೆತ. ಬನಶಂಕರೆವ್ವ ಕಿವಿಗೊಟ್ಟಳು. ಆ ತಡೆಯನ್ನು ಆಕೆ ಇಷ್ಟು ಕಾಲ ಕನಸಿನಲ್ಲಷ್ಟೇ ಕೇಳಿದ್ದಳು.

ನೆರೆಮನೆಯ ಸುಮಿತ್ರವ್ವ ಇಣುಕಿದಳು. "ಆಸ್ಟ್ರೇಲಿಯಾದಾಗೂ ಕುಣಿಮಗ್ಗ ಅದಾವೇನ್ರಿ ಗೋಪಣ್ಣಾರ? ನಮ್ಮ ಖರೆ ಗೋಪಣ್ಣಗ ಇಷ್ಟು ಚಲೋ ನೇಯಾಕ ಬರ್ತಿದ್ದಿಲ್ಲ ಬಿಡ್ರಿ!"

ಲಾಳಿ ನಿಂತಿತು. ಮುದುಕ ಅವಳನ್ನೂ ಮನೋಹರನನ್ನೂ ಬಹಳ ಹೊತ್ತು ನೋಡಿದ. "ನಟಾ ಅಂದ ಮ್ಯಾಲ ಎಲ್ಲಾ ಬರಬೇಕವ್ವಾ," ಎಂದ. ಬಳಿಕ ಕೈ ಚಾಚಿದ. "ಬನೂ, ನೀರು ಕೊಡು."

ಬನಶಂಕರೆವ್ವ ಮಗನತ್ತ ತಿರುಗಿದಳು. "ಅವರು ಕರೀತಿದ್ದ ಆ ಹೆಸರೂ ಹೇಳಿಬಿಟ್ಟೀಯೇನಲೇ?"

"ನನಗೇನ ಗೊತ್ತಬೇ? ನೀನ ಆ ಕಥಿ ರೆಕಾರ್ಡ್ ಮಾಡಿದ ಸಿನಿಮಾದವರ ಮುಂದ ಹೇಳಿರಬೇಕು!" ಮನೋಹರ ನಕ್ಕ.

ಆಕೆ ನಗಲಿಲ್ಲ. ಕುಣಿಯ ಅಂಚಿನಲ್ಲಿ ಕುಳಿತಳು.

"ನೀವು ಯಾರೋ ಏನೋ. ಆದ್ರ ಅವರ ಜಾಗಾದಾಗ ಕುಂತೀರಿ. ಅವರ ಬದ್ಲಿ ಹೇಳ್ರಿ, ಬಿಟ್ಟು ಯಾಕ ಹೋದ್ರಿ?"

"ಒಂದು ಆಟ ಮುಗಿಸಿ ಬರೂಣಂತ ಹೋದೆ. ಆಮ್ಯಾಲ ಬರಾಕ ಮುಖ ಇರಲಿಲ್ಲ."

"ಮುಖ ಇಲ್ಲದವರು ಬಣ್ಣಾ ಎದಕ್ಕ ಹಚ್ಚತಿದ್ರಿ?"

ಮುದುಕ ತಲೆ ತಗ್ಗಿಸಿದ. ಹಾಗೆಯೇ ಕೇಳಿದ: "ಈಗ ಬಂದ್ರ?"

"ಸತ್ತಿದ್ರ ನನ್ನ ಕಡೆ ಕ್ಷಮಾ ಐತಿ, ಕಣ್ಣೀರೂ ಐತಿ. ಬದುಕಿದ್ದೂ ಬರಲಿಲ್ಲಂದ್ರ ಎರಡೂ ಇಲ್ಲ." ಆಕೆಯ ದನಿ ಒಡೆಯಿತು. "ನೀವ ಹೇಳ್ರಿ. ಈ ಕುಂಕುಮ ಅಳಸ್ಲೋ, ಇರಗೊಡ್ಲೋ?"

ಮುದುಕ ನೇಯ್ದ ಬಟ್ಟೆಯ ಮೇಲೆ ಅಂಗೈ ಊರಿದ.

"ಅಳಸು, ಬನೂ. ನಾ ಸತ್ತೇನಿ."

ಬನಶಂಕರೆವ್ವ ಗೋಡೆಗೊರಗಿ ಅತ್ತಳು. ಎಷ್ಟೋ ವರ್ಷಗಳ ಅಳು ಅದು. ಅತ್ತು ಮುಗಿಸಿ ಎದ್ದು, ಸೆರಗಿನಿಂದ ಹಣೆ ಒರೆಸಿಕೊಂಡಳು. ತಾಳಿ ಬಿಚ್ಚಿ ದೇವರ ಮಾಡದಲ್ಲಿಟ್ಟಳು. ಮುಖ ಹಗುರಾಗಿತ್ತು. "ಹಿರ್‍ಯಾರಿಗೆ ಹೇಳು, ಮನೋಹರ. ನಾಳೆ ಹೊಳಿಗೆ ಹೋಗೂಣು."

"ಇಂಥಾ ನಟಗ ಪ್ರಶಸ್ತಿ ಕೊಡದವರು ಕುರುಡರು," ಎಂದು ಮನೋಹರ ಕಣ್ಣೊರೆಸಿಕೊಂಡ.

ಮುದುಕ ಕುಣಿಯಿಂದ ಮೇಲೆದ್ದ. ಮನೋಹರನ ತಲೆಯತ್ತ ಚಾಚಿದ ಕೈಯನ್ನು ನಡುವೆಯೇ ಹಿಂತೆಗೆದ. "ಹೋಗ್ತೇನಿ," ಎಂದ.

"ಅಯ್ಯ, ಮನಿ ಬಿಡುವಾಗ ಬರ್ತೇನಿ ಅನಬೇಕ್ರಿ!" ಸುಮಿತ್ರವ್ವ ನಕ್ಕಳು. "ಪರದೇಶದವರು ಅನ್ನೂದು ಇದೊಂದರಾಗ ಗೊತ್ತಾತು."

ಅವನು ತಿದ್ದಿಕೊಳ್ಳಲಿಲ್ಲ. ತಿರುಗಿಯೂ ನೋಡದೆ ಓಣಿಯ ತಿರುವಿನಲ್ಲಿ ಮರೆಯಾದ.

ಅದೇ ತಿರುವಿನಿಂದ ಕಾರೊಂದು ಬಂದು ಮನೆಯ ಮುಂದೆ ನಿಂತಿತು. ಧೋತರ ಉಟ್ಟ, ಎತ್ತರದ ಅಪರಿಚಿತನೊಬ್ಬ ಅವಸರವಾಗಿ ಇಳಿದು, ಬರಿಹಣೆಯ ಬನಶಂಕರೆವ್ವನಿಗೆ ಕೈಮುಗಿದ.

"ಕ್ಷಮಾ ಮಾಡ್ರಿ ತಾಯಿ, ವಿಮಾನ ತಡಾ ಆತು. ನಾನು ರೂಪರ್ಟ್ ಹಾರ್ಕಿನ್."