ಕಟ್ಟಡ ಕೊಟ್ಟು ಗೋದಾಮು

ಎರಡನೆಯ ಮಹಡಿಗೆ ಇನ್ನೂ ಅರ್ಧ ಆಳೆತ್ತರ ಇರುವಾಗಲೇ ಲಿಫ್ಟ್ ಗಕ್ಕನೆ ನಿಂತಿತು. ಒಳಗೆ ಇಬ್ಬರೇ: ಕಟ್ಟಡದ ಮಾಲೀಕ ಮತ್ತು ಗೋದಾಮಿನ ಸಾಹುಕಾರ.

ಮಾಲೀಕ ಗಡಿಯಾರ ನೋಡಿಕೊಂಡ. ಐದು ಗಂಟೆಗೆ ಬಾಡಿಗೆಗೆ ತಂದು ಕೂರಿಸಿದ ಜನ ಹೊರಡುತ್ತಾರೆ. ಅಷ್ಟರೊಳಗೆ ಸಾಹುಕಾರನನ್ನು ಸಾಗಹಾಕದಿದ್ದರೆ ನಾಳೆಯ ರಿಜಿಸ್ಟ್ರಿಗೆ ಎಳ್ಳುನೀರು ಬಿಟ್ಟಂತೆಯೇ.

ಕಂಪನಿಗಳೆಲ್ಲ ಮನೆಯಿಂದಲೇ ಕೆಲಸ ಎಂದು ಎದ್ದುಹೋದ ಮೇಲೆ ಈ ಕಟ್ಟಡ ಅವನ ಬಾಯಲ್ಲಿ ಬಿಸಿತುಪ್ಪವಾಗಿತ್ತು. ಅಕ್ಕ ತನ್ನ ಮನೆ ಮಾರಿ ಇದಕ್ಕೆ ಹಾಕಿದ್ದಳು. ಈಗ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ಒಂದು ದಿನವೂ ಬೈದವಳಲ್ಲ. ಅವನಿಗೆ ಅದೇ ಹಿಂಸೆ.

ಇನ್ನು ಕಾಲ ಗೋದಾಮುಗಳದ್ದು ಎಂದು ಊರೆಲ್ಲ ಹೇಳುತ್ತಿತ್ತು. ಇವನೂ ಹೋಗಿ ಕಣ್ಣಾರೆ ನೋಡಿ ಬಂದ. ಸಾಹುಕಾರನ ಗೋದಾಮಿನಲ್ಲಿ ಗಂಡಸರು ಹೆಂಗಸರೆನ್ನದೆ ಮುಖ ಮುಚ್ಚುವಷ್ಟು ಪೆಟ್ಟಿಗೆ ಹೊತ್ತು ಓಡುತ್ತಲೇ ಇದ್ದರು. "ಲಾರಿ ಧೂಳು ಸಾಕಾಯ್ತು, ತಂಪಾಗಿ ಬಾಡಿಗೆ ಬರೋ ಆಫೀಸು ಕೊಡಿ" ಎಂದ ಸಾಹುಕಾರ. ಅದಲು ಬದಲಿಗೆ ಮಾತಾಯಿತು.

ಆದರೆ ತೋರಿಸಲು ಜನ ಬೇಕಲ್ಲ. ಆಳು ಒದಗಿಸುವ ಮೇಸ್ತ್ರಿ ಒಂದು ಲೋಡು ಜನರನ್ನು ತಂದಿಳಿಸಿದ. ಇಸ್ತ್ರಿ ಅಂಗಿ, ಕುತ್ತಿಗೆಗೆ ಗುರುತಿನ ಚೀಟಿ. ತಲೆ ಎತ್ತಬಾರದೆಂದು ಕಟ್ಟಪ್ಪಣೆ.

"ಕೂರೋ ಕೆಲಸ ಅಂದ್ರೆ ಖುಷಿನೇ ಸಾರ್. ಹಿಂದಿನ ಕೆಲಸದಲ್ಲಿ ಓಡಾಡಿ ಇವರ ಕಾಲು ಬಿದ್ದುಹೋಗಿದೆ" ಎಂದಿದ್ದ ಮೇಸ್ತ್ರಿ.

ಗಾಜಿನಾಚೆಯ ಬಗ್ಗಿದ ತಲೆಗಳನ್ನು ದೂರದಿಂದಲೇ ನೋಡಿ ಸಾಹುಕಾರ ತಲೆದೂಗಿದ್ದ.

ಈಗ ಅವನು ಹಾಯಾಗಿ ಲಿಫ್ಟಿನ ಗೋಡೆಗೆ ಒರಗಿದ. "ಯಾಕೆ ಬೆವರ್ತೀರಿ? ಕಟ್ಟಡದ ತುಂಬಾ ಜನ ಇದ್ದಾರಲ್ಲ, ಯಾರಾದ್ರೂ ಬರ್ತಾರೆ."

ಬರುತ್ತಾರೆ ಎಂಬುದೇ ಮಾಲೀಕನ ಭಯ. "ನಿಮ್ಮ ಜನದಷ್ಟು ಚುರುಕಲ್ಲ ಬಿಡಿ."

"ನಮ್ಮವರಾ? ನಾನು ಹೇಳ್ಕೊಟ್ಟಷ್ಟು ಮಾಡ್ತಾರೆ, ಅಷ್ಟೇ."

ಐದಾಯಿತು. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು, ನಗು. ಯಾರೋ ಬಾಗಿಲ ಸಂದಿಗೆ ಸಲಾಕೆ ಹಾಕಿ ಮೀಟಿದರು. ಗೇಣಗಲ ತೆರೆದ ಜಾಗದಲ್ಲಿ ಗುರುತಿನ ಚೀಟಿ ನೇತಾಡಿತು, ಹಿಂದೆಯೇ ಒಬ್ಬ ಹೆಂಗಸಿನ ಮುಖ.

ಬಾಯಿ ಬಿಡಬೇಡ ತಾಯಿ ಎಂದು ಮಾಲೀಕ ಕಣ್ಣಲ್ಲೇ ಬೇಡಿಕೊಂಡ. ಅವಳು ಅವನತ್ತ ನೋಡಲಿಲ್ಲ. ಸಾಹುಕಾರ ಯಾಕೋ ಗೋಡೆಯ ಕಡೆಗೆ ತಿರುಗಿಬಿಟ್ಟಿದ್ದ.

"ಗೋದಾಮಿನ ಸಾರ್, ನೀವೂ ಇಲ್ಲೇ ಇದ್ದೀರಾ? ನಿಮ್ಮಲ್ಲಿ ಆ ಖಾಲಿ ಪೆಟ್ಟಿಗೆ ಹೊತ್ಕೊಂಡು ಓಡೋದಕ್ಕಿಂತ ಇಲ್ಲಿ ಸುಮ್ನೆ ಕೂರೋದೇ ವಾಸಿ ನೋಡಿ."