ಯಗಚಿಯ ತಳಕ್ಕೊಂದು ಜಾಕೆಟ್ಟು

“ಇದು ಎಷ್ಟು ಭಾರ ಎತ್ತುತ್ತೆ?”

ಏಕಾಂತಯ್ಯ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಉದಯಕುಮಾರ್ ಕೈಯಲ್ಲಿದ್ದ, ಗಾಳಿ ತುಂಬಿ ನೀರಲ್ಲಿ ತೇಲಿಸುವ ಜಾಕೆಟ್ಟನ್ನು ಮೇಜಿನ ಮೇಲಿಟ್ಟು ಅವರನ್ನು ದಿಟ್ಟಿಸಿದ. ಕಡಲಲ್ಲಿ ಡೈವಿಂಗ್ ಕಲಿಸುವ ಅವನು ಬೇಲೂರಿನ ತನ್ನ ಮನೆಯ ಮುಂಗೋಣೆಯಲ್ಲಿ ಸಲಕರಣೆಗಳನ್ನೂ ಮಾರುತ್ತಿದ್ದ. ಹೊಸಬರು ಬಂದರೆ ಬಣ್ಣ ನೋಡುತ್ತಾರೆ, ಜೇಬು ಎಷ್ಟಿದೆ ಎಂದು ತಡಕುತ್ತಾರೆ. ಅವನ ಬಳಿಯೇ ಡೈವಿಂಗ್ ಕಲಿತ ಅರಸೀಕೆರೆಯ ಈ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರಿಗೆ ಬೇಕಾದದ್ದು ಬೇರೆ.

“ನಿಮ್ಮನ್ನ ಎತ್ತುತ್ತೆ ಸಾರ್. ನಿಮ್ಮೊಬ್ಬರನ್ನೇ. ಇನ್ನೇನನ್ನೂ ಇದಕ್ಕೆ ಕಟ್ಟಿ ಎತ್ತಬಾರದು. ಕಟ್ಟಿದ್ದು ನಡುವೆ ಜಾರಿದ್ರೆ ಬಾಣದ ಥರ ಮೇಲಕ್ಕೆ ಹೋಗ್ತೀರಿ. ಶ್ವಾಸಕೋಶ ತಡೆಯಲ್ಲ.”

“ಎತ್ತೋದು ಅಂದ್ರೇನು ಅಂತ ನನಗೂ ಸ್ವಲ್ಪ ಗೊತ್ತು.”

“ಗೊತ್ತಿಲ್ಲದೆ ಏನು. ಆರ್ಕಿಮಿಡೀಸ್ ನಿಮ್ಮ ಜೊತೇಲೇ ಬಸ್ಸಿಳಿದಂಗೈತೆ.”

ಏಕಾಂತಯ್ಯ ನಗಲಿಲ್ಲ. ಮುಂದೆ ಎರಡು ಬಗೆಯವಿದ್ದವು. ಒಂದು ಎದೆಯನ್ನೂ ಬೆನ್ನನ್ನೂ ಸುತ್ತುವ ಜಾಕೆಟ್ಟು. ಗಾಳಿ ತುಂಬಿದರೆ ನೀರಿನ ಮೇಲೆ ನೆಟ್ಟಗೆ ನಿಲ್ಲಿಸುತ್ತದೆ. ಇನ್ನೊಂದರ ಗಾಳಿಚೀಲ ಬೆನ್ನಿಗಷ್ಟೇ. ಮೇಲೆ ಬಂದಾಗ ಮುಖವನ್ನು ನೀರಿಗೆ ತಳ್ಳುತ್ತದೆ, ಆದರೆ ಆಳದಲ್ಲಿ ಮೈಯನ್ನು ಹಲಗೆಯ ಹಾಗೆ ಮಟ್ಟಸವಾಗಿಡುತ್ತದೆ.

“ಹೊಸಬರಿಗೆ ಮೊದಲನೇದು ಕಣ್ರೀ. ಆರಾಮ.”

“ಕಾಲು ಕೆಳಗೆ ಇಳಿಬಿದ್ರೆ ತಳದ ಕೆಸರು ಏಳುತ್ತೆ. ಎದ್ರೆ ಏನೂ ಕಾಣಲ್ಲ. ಎರಡನೇದು ಕೊಡಿ.”

“ನಾವು ಹೋಗೋ ಕಡಲಲ್ಲಿ ಎಲ್ಲಿಯ ಕೆಸರು?”

“ಕಡಲಿಗಲ್ಲ.”

ತೊಡಿಸಿ ನೋಡುವಾಗ ಎದೆಯ ಬಕಲ್ಲು ಸರಿಯಾಗಿ ಇಷ್ಟಲಿಂಗದ ಕರಡಿಗೆಯ ಮೇಲೆ ಕೂತಿತು. ಏಕಾಂತಯ್ಯ ಶಿವದಾರವನ್ನು ತಲೆಯ ಮೇಲಿಂದ ತೆಗೆದರು. ಉದಯಕುಮಾರ್ ಮೇಜು ಖಾಲಿ ಮಾಡಿಕೊಟ್ಟ. ಅವರು ಬೇಡವೆಂದು ತಲೆಯಾಡಿಸಿ, ಅದನ್ನು ಅವನ ಕೊರಳಿಗೇ ಹಾಕಿದರು.

“ಎಲ್ಲೂ ಇಡಬಾರದು, ಮೈ ಮೇಲೇ ಇರಬೇಕು ಅಂತ ನಮ್ಮಜ್ಜಿ ಕಟ್ಟಪ್ಪಣೆ. ಯಾರ ಮೈ ಅಂತ ಅಜ್ಜಿ ಹೇಳಿರಲಿಲ್ಲ. ನಮ್ಮ ಮನೇಲಿ ಎಲ್ಲರದೂ ಇದೇ ಅಭ್ಯಾಸ.”

ಉದಯಕುಮಾರ್ ಪಟ್ಟಿ ಬಿಗಿದ. ಕಡಲಿಗಲ್ಲ ಎಂದರೆ ಯಗಚಿ ಅಣೆಕಟ್ಟಿನ ಹಿನ್ನೀರಿಗೆ. ಬೇಲೂರಿನಲ್ಲಿ ಆ ಕಥೆ ತಿಳಿಯದವರಿರಲಿಲ್ಲ.

ಹೋದ ಬೇಸಿಗೆಯಲ್ಲಿ ಇಬ್ಬರು ಹುಡುಗರು ಅಲ್ಲಿ ಈಜಲು ಹೋಗಿದ್ದರು. ಒಬ್ಬ ಏಕಾಂತಯ್ಯನವರ ಮಗ ಮಹಾಂತೇಶ. ಇನ್ನೊಬ್ಬ ಅವನ ಗೆಳೆಯ ಸಮ್ಯಕ್, ಬೇಲೂರಿನ ಬೌದ್ಧ ಮನೆಯ ಹುಡುಗ, ಅಂಗನವಾಡಿ ಟೀಚರ್ ಮುದ್ದಮ್ಮನ ಒಬ್ಬನೇ ಮಗ. ಇಬ್ಬರದೂ ಒಂದೇ ಎತ್ತರ, ಒಂದೇ ಕಬಡ್ಡಿ ತಂಡದ ಚಡ್ಡಿ. ದಡದಲ್ಲಿ ಬೈಕು ಮತ್ತು ಅಂಗಿಗಳಿದ್ದವು. ನೋಡಿದವರು ಯಾರೂ ಇರಲಿಲ್ಲ. ದಿನಗಳು ಕಳೆದ ಮೇಲೆ ಒಂದು ದೇಹ ತೇಲಿತು. ಮೀನು ಮುಖವನ್ನು ಉಳಿಸಿರಲಿಲ್ಲ. ಆದರೆ ಕೊರಳಲ್ಲಿ ಲಿಂಗವಿತ್ತು. ಯಾರೂ ಎರಡನೇ ಮಾತು ಆಡಲಿಲ್ಲ. ಅರಸೀಕೆರೆಯ ತೆಂಗಿನ ತೋಟದಲ್ಲಿ ಗೂಡು ತೋಡಿ, ಪದ್ಧತಿಯಂತೆ ಕೂರಿಸಿ, ಅಂಗೈಗೆ ಲಿಂಗವಿಟ್ಟು ಮಣ್ಣು ಮಾಡಿದರು. ಇನ್ನೊಬ್ಬ ಸಿಗಲಿಲ್ಲ. ಹುಡುಕುವವರು ಕೈಚೆಲ್ಲಿ ಹೋದರು.

ಏಕಾಂತಯ್ಯನವರ ಹೆಂಡತಿ ದ್ರಾಕ್ಷಾಯಣಿ ದಿನವೂ ಸಂಜೆ ಆ ಸಮಾಧಿಯ ಬಳಿ ಕೂತು ಮಗನೊಡನೆ ಮಾತಾಡುತ್ತಿದ್ದರು. ಆ ಮಾತೇ ಅವರನ್ನು ಬದುಕಿಸಿತ್ತು. ಮುದ್ದಮ್ಮನಿಗೆ ಹಾಗೆ ಕೂರಲು ಒಂದು ಗೇಣು ಮಣ್ಣೂ ಇರಲಿಲ್ಲ. ಆದರೂ ಆಕೆ ಪ್ರತಿ ಹುಣ್ಣಿಮೆಗೆ ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಗೆ ಬರುತ್ತಿದ್ದಳು. ಸಮಾಧಿಗೆ ಬಿಳಿಯ ಹೂವಿಟ್ಟು, ದ್ರಾಕ್ಷಾಯಣಿಗಿಂತ ಹೆಚ್ಚು ಹೊತ್ತು ಕೂತು ಹೋಗುತ್ತಿದ್ದಳು. ಬೇರೆಯವರ ಮಗನಿಗೆ ಇಷ್ಟು ಮಾಡುವ ಹೆಂಗಸಿನ ಮುಂದೆ ಏಕಾಂತಯ್ಯನವರಿಗೆ ತಲೆ ಎತ್ತಲಾಗುತ್ತಿರಲಿಲ್ಲ. ನಮಗೆ ಸಿಕ್ಕಿದ್ದು ಆಕೆಗೂ ಸಿಗಬೇಕು. ಅಷ್ಟಕ್ಕಾಗಿಯೇ ಅವರು ಈ ವಯಸ್ಸಿನಲ್ಲಿ ಕಡಲಿಗೆ ಹೋಗಿ ಉಸಿರಾಡುವುದನ್ನು ಮೊದಲಿಂದ ಕಲಿತಿದ್ದರು.

“ನಾನೂ ಜೊತೆಗೆ ಇಳೀತೀನಿ,” ಎಂದ ಉದಯಕುಮಾರ್ ಕೊನೆಗೆ. “ಒಬ್ಬರನ್ನೇ ಬಿಡಲ್ಲ. ಮೂಳೆ ಸಿಕ್ಕಿದ್ರೆ ಬೇರೆ ಚೀಲದಲ್ಲಿ ಎತ್ತೋಣ.”

ಅಣೆಕಟ್ಟಿನ ಕಚೇರಿಯಿಂದ ಅನುಮತಿ ಸಿಕ್ಕ ವಾರ, ಬೆಳಿಗ್ಗೆ, ಇಬ್ಬರೂ ಹಿನ್ನೀರಿನ ಅಂಚಿನಲ್ಲಿದ್ದರು. ಸಿಹಿನೀರು ಕಡಲಿನಷ್ಟು ತೇಲಿಸುವುದಿಲ್ಲವೆಂದು ಏಕಾಂತಯ್ಯ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸವನ್ನು ಕಡಿಮೆ ಮಾಡಿದ್ದರು. ನೀರು ಮಂಡಿ ಮುಟ್ಟುವಷ್ಟರಲ್ಲಿ ರಸ್ತೆಯಲ್ಲಿ ಆಟೊ ನಿಂತಿತು. ಮುದ್ದಮ್ಮ ಚಪ್ಪಲಿ ಬಿಟ್ಟು, ಸೀರೆ ನೆನೆಯುವುದನ್ನೂ ನೋಡದೆ ನೀರಿಗೆ ಬಂದು, ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡಳು.

“ನಿಮ್ಮನೆ ಅಕ್ಕಾವ್ರು ಫೋನ್ ಮಾಡಿದ್ರು. ಒಬ್ಬನ್ನ ನೀರಿಗೆ ಕೊಟ್ಟಿದೀನಿ, ಇವರನ್ನೂ ಕೊಡ್ಲಾ ಅಂತಾರೆ. ಇಳೀಬ್ಯಾಡಿ ಸಾರ್.”

“ನಿಮ್ಮ ಮಗನ್ನ ನಿಮಗೆ ಒಪ್ಪಿಸಬೇಕಮ್ಮ. ಅಷ್ಟೇ.”

“ನಾ ಕೇಳಿದ್ನಾ?”

“ಕೇಳಲಿಲ್ಲ. ಅದಕ್ಕೇ.”

ಮುದ್ದಮ್ಮ ಉದಯಕುಮಾರನ ಕಡೆ ನೋಡಿದಳು. ಅವನು ದಡಕ್ಕೆ ಸರಿದು ನಿಂತ.

“ಅಕ್ಕಾವ್ರಿಗೆ ಯಾವತ್ತೂ ಹೇಳಲ್ಲ ಅಂತ ಮಾತು ಕೊಡಿ.”

“ಏನನ್ನ?”

“ಮೊದ್ಲು ಕೊಡಿ.”

ಅವರು ಆಗಲೆಂದು ತಲೆಯಾಡಿಸಿದರು. ಅವಳ ಕೈ ಪಟ್ಟಿಯನ್ನು ಬಿಡಲಿಲ್ಲ.

“ಆಸ್ಪತ್ರೇಲಿ ಮೈಗೆ ಹೊದ್ಸಿದ್ದ ಬಟ್ಟೆ ಕಾಲಿಗೆ ಸಾಲ್ದೆ ಹೋಗಿತ್ತು. ಎಡಗಾಲು ಕಾಣ್ತು. ಕೂಸಾಗಿದ್ದಾಗ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಬೆಳ್ಳು. ನಾನೇ ಅರಿಶಿನ ಮೆತ್ತಿದ್ದು. ಬಾಯಿ ಬಿಡಾಣ ಅಂದ್ರೆ, ಅಕ್ಕಾವ್ರು ಆ ಮೈ ತಬ್ಬಿ ಬಿದ್ದಿದ್ರು. ಬಿಡಿಸೋಕೆ ನಂಗೆ ಮನಸ್ಸು ಬರ್ಲಿಲ್ಲ.”

“ಆದ್ರೆ ಕೊರಳಲ್ಲಿ ಲಿಂಗ ಇತ್ತಲ್ಲಮ್ಮ,” ಎಂದರು ಏಕಾಂತಯ್ಯ.

“ನನ್ನ ಮಗ ನಿಮ್ಮ ತೋಟದಲ್ಲಿ ಕೂತವ್ನೆ ಸಾರ್. ಈ ನೀರಲ್ಲಿರೋನು ನಿಮ್ಮೋನು.”