ಎಡಗಡೆಯ ಟ್ಯಾಂಕು

ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದರೆ ಧೂಳು ಬೀಳಬೇಕಿತ್ತು, ಬಿದ್ದದ್ದು ಕುಂಕುಮ. ಅಂಬಣ್ಣ ಮತ್ತೊಮ್ಮೆ ತಟ್ಟಿದ. ವಿಭೂತಿಯ ಹೆಂಟೆ ಉದುರಿತು, ಅದರ ಹಿಂದೆಯೇ ಒಣಗಿದ ಚೆಂಡುಹೂವಿನ ಎಸಳು.

"ತೊಳದಾಳ!" ಎಂದು ಚೀರಿದ. "ವರ್ಷಾ ವರ್ಷಾ ಮಹಾನವಮಿಗೆ ನೀರು ಹಾಕಿ ತೊಳದು ಪೂಜಿ ಮಾಡ್ಯಾಳ ಆ ಟೈಪಿಂಗ್ ಶಾಲಿ ಗುರುದೇವಿ! 'ದೇವರಂಗ ಇಟ್ಟೀನಿ ಅಂಬಣ್ಣ, ಒಯ್ಯಿ' ಅಂದ್ಲು. ನಾನೂ ಹೌದನ್ಕೊಂಡು ಯಾದಗಿರಿಯಿಂದ ಈ ಕಂಪ್ಯೂಟರ್ ಹೊತ್ಕೊಂಡು ಬಂದೆ. ಇದೇನು ಕುಡಗೋಲೇನ್ರಿ ಭಾಬಿ, ತೊಳ್ಯಾಕ?"

"ಮೆಲ್ಲಗ ಮಾತಾಡ್ರಿ ಭಾಯಿ, ಅವ್ರಿಗೆ ಕೇಳಸ್ತದ," ಎಂದಳು ಆಮೀನಾ.

"ಕೇಳ್ಲಿ! ಕೇಳಿ ಸಿಟ್ಟಿಗೇಳ್ಲಿ. ಎದ್ದು ನನ್ನ ಕಪಾಳಕ್ಕೊಂದು ಹೊಡೀಲಿ, ಸಕ್ಕರಿ ಹಂಚ್ತೀನಿ."

ಕಿಟಕಿಯ ಬಳಿಯ ಕುರ್ಚಿಯಲ್ಲಿ ಅವಳ ಗಂಡ ಮುಜಫರ ಕೂತಿದ್ದ. ಆರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಎಡಗೈ ಮಾತ್ರ ಗಟ್ಟಿಯಾಗಿದೆ ಎಂದು ಕಲಬುರಗಿಯ ಡಾಕ್ಟರು ಆಣೆ ಮಾಡಿ ಹೇಳಿದ್ದರು. ಆದರೆ ಮುಜಫರ ಅದನ್ನೂ ಎತ್ತುತ್ತಿರಲಿಲ್ಲ. ಆಮೀನಾ ತುತ್ತು ಮಾಡಿ ಬಾಯಿಗಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 'ಕೈಗೇನೂ ಆಗಿಲ್ಲಮ್ಮ, ಮನಸ್ಸು ಬರಬೇಕು. ಅವರಿಗೆ ಯಾವುದರ ಮೇಲೆ ಆಸೆ ಇತ್ತೋ ಅದನ್ನು ಮುಂದಿಡಿ' ಎಂದಿದ್ದರು ಡಾಕ್ಟರು. ಆ ಮಾತು ಕೇಳಿದ ಅಂಬಣ್ಣ ಮರುದಿನವೇ ಸುರಪುರದ ತನ್ನ ಟಿವಿ ರಿಪೇರಿ ಅಂಗಡಿಯ ಶಟರ್ ಎಳೆದು, ಹಳೆಯ ಆಟವೊಂದರ ಬೆನ್ನು ಹತ್ತಿದ್ದ.

ಇಪ್ಪತ್ತೇಳು ವರ್ಷಗಳ ಹಿಂದೆ, ಗುರುದೇವಿಯ ಗಂಡ ಯಾದಗಿರಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದಾಗ, ಪಾಠ ಮುಗಿದ ಮೇಲೆ ಅಂಬಣ್ಣ, ಮುಜಫರ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಇದೇ ಕಂಪ್ಯೂಟರಿನಲ್ಲಿ ಟ್ಯಾಂಕ್ ಆಟ ಆಡುತ್ತಿದ್ದರು. ಹದ್ದು ಮೇಲಿನಿಂದ ನೋಡಿದ ಹಾಗೆ ಹಸಿರು ಗೆರೆಯ ಬಯಲು. ಕೆಳಗೆ ನಡುಮಧ್ಯೆ ಒಂದು ಇಟ್ಟಿಗೆಯ ಕೋಟೆ. ಅದರ ಎಡಕ್ಕೆ ಅಂಬಣ್ಣನ ಟ್ಯಾಂಕು, ಬಲಕ್ಕೆ ಮುಜಫರನದು. ಕೀಬೋರ್ಡಿನ ಎಡಭಾಗ ಇವನಿಗೆ, ಬಲಭಾಗ ಅವನಿಗೆ. ಅಂಬಣ್ಣ ವೈರಿಗಳ ನಡುವೆ ನುಗ್ಗಿ ಸಿಕ್ಕಿಬೀಳುತ್ತಿದ್ದ. ಅವನನ್ನು ಉಳಿಸಲು ಮುಜಫರ ಕೋಟೆ ಬಿಟ್ಟು ಓಡಿ ಬರುತ್ತಿದ್ದ. ಅಷ್ಟರಲ್ಲಿ ಕೋಟೆ ಬೀಳುತ್ತಿತ್ತು. ಬೈಗುಳ ಮುಜಫರನಿಗೇ.

"ಫೋನ್‌ನಾಗ ಆಡಿಸಿದ್ರ ಆಗಂಗಿಲ್ಲೇನ್ರಿ?" ಎಂದಳು ಆಮೀನಾ.

"ಹದಿನಾಕು ಟ್ಯಾಂಕಿನ ಆಟ ತೋರ್ಸೀನಿ ಭಾಬಿ. ಬಣ್ಣ ಭಾಳ, ರುಚಿ ಇಲ್ಲ. ಇಂವ ಮಾರಿ ಹೊಳ್ಳಿಸ್ಕೊಂಡ."

ಅದೇ ಹಳೆಯ ಆಟವನ್ನು ಹುಡುಕಿ ಲ್ಯಾಪ್‌ಟಾಪಿಗೆ ಹಾಕಿಯೂ ನೋಡಿದ್ದ. ಅದರಲ್ಲಿ ಟ್ಯಾಂಕುಗಳು ನಾಯಿ ಬೆನ್ನಟ್ಟಿದ ಕೋಳಿಗಳ ಹಾಗೆ ಓಡಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಟ ಮುಗಿದಿತ್ತು. ಆ ಆಟಕ್ಕೆ ಈ ನಿಧಾನದ ಪೆಟ್ಟಿಗೆಯೇ ಬೇಕು. ಪೆಟ್ಟಿಗೆ ಈಗ ಸಿಕ್ಕಿತ್ತು, ಅದರ ಪರದೆ ಬೆಳಗಿಯೂ ಇತ್ತು. ಕೀಬೋರ್ಡು ಬಿಚ್ಚಿ ನೋಡಿದರೆ ಎಡಭಾಗವನ್ನೆಲ್ಲ ತುಕ್ಕು ತಿಂದಿತ್ತು. ಬಲಭಾಗದಲ್ಲಿ ಮಾತ್ರ ಜೀವವಿತ್ತು. ಇಂಥ ದಪ್ಪ ಗುಂಡು ಪಿನ್ನಿನ ಕೀಬೋರ್ಡು ಶಹಾಪುರದ ಗುಜರಿಯಲ್ಲೂ ಇಲ್ಲ, ಕಲಬುರಗಿಯಲ್ಲೂ ಇಲ್ಲ.

ಅಂಬಣ್ಣ ಬಿಚ್ಚಿದ ಕೀಬೋರ್ಡನ್ನು ಮತ್ತೆ ಜೋಡಿಸಿದ. ಆಮೇಲೆ ಎದ್ದು ಟೇಬಲ್ಲನ್ನು ಮುಜಫರನ ಮುಂದಕ್ಕೆ ಎಳೆದ. ತಾನು ಎಡಕ್ಕೆ ಕೂತ.

"ನಿಮ್ಮ ಕಡೀದು ಕೆಟ್ಟದಲ್ರಿ ಭಾಯಿ," ಎಂದು ಆಮೀನಾ ಪಿಸುಗುಟ್ಟಿದಳು.

"ಅಂವಗೇನು ಗೊತ್ತು? ನೀವು ಬಾಯಿ ಮುಚ್ರಿ."

ಆಟ ಶುರುವಾಯಿತು. ಪೆಟ್ಟಿಗೆ ಪೀಂ ಪೀಂ ಎಂದು ಕೂಗಿತು. ಮುಜಫರನ ಕಣ್ಣು ಕಿಟಕಿಯಿಂದ ಈಚೆಗೆ ತಿರುಗಿತು. ಅಂಬಣ್ಣ ಸತ್ತ ಗುಂಡಿಗಳನ್ನು ಟಕಟಕ ಕುಟ್ಟತೊಡಗಿದ. "ನಡೀಲೇ! ಹೊಡಿ! ಹಾ, ಬಂದ ನೋಡು ಮಗ!" ಪರದೆಯ ಮೇಲೆ ಅವನ ಟ್ಯಾಂಕು ಇದ್ದಲ್ಲೇ ಇತ್ತು. ಮೇಲಿನಿಂದ ಮೂರು ವೈರಿ ಟ್ಯಾಂಕುಗಳು ನೆಟ್ಟಗೆ ಅದರ ಕಡೆಗೇ ಇಳಿಯುತ್ತಿದ್ದವು.

ಮುಜಫರನ ತೊಡೆಯ ಮೇಲಿದ್ದ ಎಡಗೈ ಅಲುಗಿತು. ಬಾಗಿಲಲ್ಲಿ ಆಮೀನಾ ಚೌಕಟ್ಟು ಹಿಡಿದು ನಿಂತಳು. ಕೈ ನಿಧಾನವಾಗಿ ಎದ್ದು ಕೀಬೋರ್ಡಿನ ಬಲಭಾಗದ ಮೇಲೆ ಹೋಗಿ ಕೂತಿತು. ಬಲಗಡೆಯ ಟ್ಯಾಂಕು ಒಂದು ಹೆಜ್ಜೆ ಸರಿಯಿತು. ಇನ್ನೊಂದು. ಕೋಟೆಯ ಮುಂದಿನಿಂದ ಹಾದು ಎಡಕ್ಕೆ ಬಂದು, ಅಂಬಣ್ಣನ ಟ್ಯಾಂಕಿಗೆ ಅಡ್ಡವಾಗಿ ನಿಂತಿತು.

"ಲೇ ಮುಜ್ಜು!" ಅಂಬಣ್ಣನ ಬಾಯಿಂದ ಹಳೆಯ ಬೈಗುಳ ತಾನಾಗಿ ಹೊರಬಿತ್ತು. "ನನ್ನ ಬಿಡೋ ಹುಚ್ಚಾ, ಕೋಟಿ ಕಾಯೋ! ಎಷ್ಟು ಸಲ ಹೇಳೀನಿ ನಿನಗ…"

ಮುಜಫರ ಅಲ್ಲಿಂದ ಕದಲಲಿಲ್ಲ. ಮೊದಲು ಅವನ ಟ್ಯಾಂಕು ಹೋಯಿತು, ಆಮೇಲೆ ಅಂಬಣ್ಣನದು, ಕೊನೆಗೆ ಕೋಟೆ. ಪರದೆ ಕಪ್ಪಾಯಿತು. ಆದರೂ ಅಂಬಣ್ಣ ತಲೆ ತಗ್ಗಿಸಿ ಟಕಟಕ ಕುಟ್ಟುತ್ತಲೇ ಇದ್ದ.

ಮುಜಫರ ಎಡಗೈಯನ್ನು ಮತ್ತೊಮ್ಮೆ ಎತ್ತಿದ. ಬಹಳ ದೂರದಿಂದ ತಂದವನಂತೆ ತಂದು ಅಂಬಣ್ಣನ ಬೆರಳುಗಳ ಮೇಲಿಟ್ಟು, ಆ ಸದ್ದನ್ನು ನಿಲ್ಲಿಸಿದ.